ಕೊಡೆ ಕಳೆಯುವ ಹುಡುಗಿ, ಕೂರಲಾಗದ ಹುಡುಗ: ಮಕ್ಕಳಲ್ಲಿ ಎಡಿಎಚ್‌ಡಿ ಲಕ್ಷಣ ಗುರುತಿಸುವ ಬಗೆ

ಆ ವರ್ಷ ಜೂನ್‌ನಿಂದ ಆಗಸ್ಟ್ ಒಳಗೆ ಅವಳು ನಾಲ್ಕು ಕೊಡೆ ಕಳೆದಳು. ಕುಮಟಾ ಕಡೆಯ ಮಳೆ ಗೊತ್ತಲ್ಲ, ಸಂಜೆ ಶಾಲೆ ಬಿಡುವಾಗ ಕೊಡೆ ಮರೆಯೋದು ಅಷ್ಟು ಸುಲಭವಲ್ಲ. ಅವಳು ಮರೆಯುತ್ತಿದ್ದಳು. ನೆನೆದುಕೊಂಡೇ ಮನೆ ಮುಟ್ಟುತ್ತಿದ್ದಳು. ಆಗ ನಾಲ್ಕನೇ ತರಗತಿ. ಬೋರ್ಡ್ ನೋಡಿ ಬರೆಯೋಕೆ ಹೇಳಿದರೆ ಮೊದಲ ಸಾಲು ಮುತ್ತು ಪೋಣಿಸಿದ ಹಾಗೆ. ಎರಡನೇ ಸಾಲೂ ಪರವಾಗಿಲ್ಲ. ಮೂರನೇ ಸಾಲಿಗೆ ಒತ್ತಕ್ಷರ ಬಿಟ್ಟು ಹೋಗುತ್ತಿದ್ದವು. ನಾಲ್ಕನೆಯದು ಅರ್ಧಕ್ಕೆ ನಿಂತು, ಅಂಚಿನಲ್ಲಿ ಒಂದು ಮೀನಿನ ಚಿತ್ರ ಬಂದಿರುತ್ತಿತ್ತು. ಗಲಾಟೆ ಇಲ್ಲ, ಎದುರು ಮಾತಿಲ್ಲ. ನಾನು ಅವಳ ಪ್ರಗತಿ ಪತ್ರದಲ್ಲಿ ಎರಡು ವರ್ಷ ಒಂದೇ ಮಾತು ಬರೆದೆ: "ಗಮನ ಸಾಲದು. ಪ್ರಯತ್ನ ಹೆಚ್ಚಿಸಬೇಕು."

ಆರನೇ ತರಗತಿಯಲ್ಲಿ ಧಾರವಾಡದ ವೈದ್ಯರು ಅವಳಿಗೆ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಹೇಳಿದರು. ಅಷ್ಟು ದಿನವೂ ಆ ಹುಡುಗಿ ತರಗತಿಯ ಬೇರೆಲ್ಲರಿಗಿಂತ ಜಾಸ್ತಿ ಪ್ರಯತ್ನವನ್ನೇ ಮಾಡುತ್ತಿದ್ದಳು. ಅದೇ ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ ಒಬ್ಬ ಹುಡುಗನಿದ್ದ. ಅವನನ್ನು ನಾವೆಲ್ಲ ಮೊದಲ ವಾರದಲ್ಲೇ ಗುರುತಿಸಿ, 'ಉಡಾಳ' ಅಂತ ಹೆಸರಿಟ್ಟು ಸುಮ್ಮನಾಗಿದ್ದೆವು. ಇಬ್ಬರಿಗೂ ನಾನು ನ್ಯಾಯ ಮಾಡಲಿಲ್ಲ. ಬೇರೆ ಮಕ್ಕಳ ಎರಡು ವರ್ಷ ಹೀಗೆ ಹೋಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ, ಶಾಲೆಯ ಅಕ್ಕೋರು. ಕಾಯಿಲೆ ಇದೆಯೋ ಇಲ್ಲವೋ ಅನ್ನುವ ತೀರ್ಮಾನ ವೈದ್ಯರದ್ದು. ಅವರ ಹತ್ತಿರ ಹೋಗುವ ತನಕ ಏನು ನೋಡಬೇಕು, ಹೇಗೆ ಬರೆದಿಡಬೇಕು ಅನ್ನೋದು ಮಾತ್ರ ಇಲ್ಲಿದೆ.

ಶುರುಮಾಡುವ ಮೊದಲು ಎರಡು ಮಾತು

ಎಡಿಎಚ್‌ಡಿ ಅಂದರೆ ಗಮನವನ್ನು, ಮೈಯನ್ನು, ಆತುರವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಮೆದುಳಿನ ಭಾಗಗಳು ಬೇರೆ ರೀತಿಯಲ್ಲಿ ಬೆಳೆಯುವುದು. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇರುತ್ತದೆ ಎಂದು ಬೇರೆಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಮೂವತ್ತು ಮಕ್ಕಳ ತರಗತಿಯಲ್ಲಿ ಒಂದೋ ಎರಡೋ ಅಂತಾಯಿತು. ಇದು ವಂಶದಲ್ಲಿ ಬರುವುದು ಬಹಳ. "ಇವನ ಅಪ್ಪನೂ ಸಣ್ಣವನಿದ್ದಾಗ ಹೀಗೇ ಇದ್ದ" ಅಂತ ಅಜ್ಜಿ ಹೇಳಿದರೆ ಆ ಮಾತನ್ನು ತಳ್ಳಿಹಾಕಬೇಡಿ, ವೈದ್ಯರಿಗೂ ಅದು ಬೇಕಾದ ಮಾಹಿತಿ. ಅಮ್ಮ ಮುದ್ದು ಮಾಡಿದ್ದಕ್ಕೆ, ಸಕ್ಕರೆ ತಿಂದಿದ್ದಕ್ಕೆ, ದೃಷ್ಟಿ ತಾಗಿದ್ದಕ್ಕೆ ಇದು ಬರುವುದಿಲ್ಲ. ಮೊಬೈಲ್‌ನಿಂದಲೇ ಬಂತು ಅನ್ನೋದೂ ಸರಿಯಲ್ಲ. ಆದರೆ ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡುವ ಮಗುವಿನ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ಮಗು ಮರುದಿನ ಥೇಟ್ ಎಡಿಎಚ್‌ಡಿ ಮಗುವಿನ ಹಾಗೇ ಕಾಣುತ್ತದೆ.

ಹೆಜ್ಜೆ 1: ಮೊದಲು ವಯಸ್ಸು ನೋಡಿ

ಮೂರು ವರ್ಷದ ಮಗು ಒಂದು ಕಡೆ ಕೂರದಿದ್ದರೆ ಅದು ಮೂರು ವರ್ಷದ ಮಗು, ಅಷ್ಟೇ. ಸಾಮಾನ್ಯವಾಗಿ ನಾಲ್ಕು ವರ್ಷ ತುಂಬುವ ಮೊದಲು ಇದನ್ನು ಖಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ಅಂಗನವಾಡಿಗೆ ಹೋಗುವ ಪುಟ್ಟ ಮಕ್ಕಳಿಗೆ ಅವಸರದಲ್ಲಿ ಹಣೆಪಟ್ಟಿ ಹಚ್ಚಬೇಡಿ.

ಶಾಲೆಗೆ ಬಂದ ಮೇಲೂ ಒಂದು ಲೆಕ್ಕ ತಲೆಯಲ್ಲಿರಲಿ. ನಮ್ಮಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಜೂನ್ 1ಕ್ಕೆ ಎಷ್ಟು ವಯಸ್ಸಾಯಿತು ಅಂತ ನೋಡುತ್ತಾರೆ. ಜೂನ್‌ನಲ್ಲಿ ಹುಟ್ಟಿದ ಮಗುವೂ, ಮುಂದಿನ ಮೇ ತಿಂಗಳಲ್ಲಿ ಹುಟ್ಟಿದ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಹನ್ನೊಂದು ತಿಂಗಳ ಅಂತರ. ಆರು ವರ್ಷದ ಮಗುವಿಗೆ ಅದು ಬಹಳ ದೊಡ್ಡ ಅಂತರ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಕ್ಕಳಿಗೇ ಎಡಿಎಚ್‌ಡಿ ಅನ್ನುವ ಹೆಸರು ಜಾಸ್ತಿ ಬೀಳುತ್ತದೆ ಎಂದು ಹಲವು ದೇಶಗಳಲ್ಲಿ ಕಂಡುಬಂದಿದೆ. ನಾನೀಗ ಯಾವ ಮಗುವಿನ ಬಗ್ಗೆ ಅನುಮಾನ ಬಂದರೂ ಮೊದಲು ದಾಖಲಾತಿ ಪುಸ್ತಕ ತೆಗೆದು ಹುಟ್ಟಿದ ತಾರೀಕು ನೋಡುತ್ತೇನೆ.

ಸರ್ಕಾರಿ ಶಾಲೆಯ ಪಾಲಕರಿಗೆ ಇನ್ನೊಂದು ವಿಷಯ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಎದ್ದು ಹೋಗಿ ಕಾರ್ಡ್ ತರುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಚುರುಕು ಮಗುವಿಗೆ ಇದು ಹೇಳಿ ಮಾಡಿಸಿದ ಹಾಗಿರುತ್ತದೆ. ನಾಲ್ಕನೇ ತರಗತಿಗೆ ಬಂದಾಗ ಬೆಂಚು, ಬೋರ್ಡ್, ಉದ್ದುದ್ದ ಬರವಣಿಗೆ. "ಮೂರನೇ ತನಕ ಚೆನ್ನಾಗಿದ್ದ, ಆಮೇಲೇ ಹಾಳಾದ" ಅಂತ ಎಷ್ಟೋ ಅಪ್ಪ ಅಮ್ಮಂದಿರು ಹೇಳೋದನ್ನು ಕೇಳಿದ್ದೇನೆ. ಮಗು ಹಾಳಾಗಿರುವುದಿಲ್ಲ, ಮೊದಲಿಂದ ಇದ್ದ ತೊಂದರೆ ಆಗ ಹೊರಗೆ ಕಂಡಿರುತ್ತದೆ.

ಹೆಜ್ಜೆ 2: ಯಾವ ಲಕ್ಷಣಗಳನ್ನು ನೋಡಬೇಕು

ವೈದ್ಯರು ಎರಡು ಗುಂಪು ಮಾಡಿಕೊಂಡಿದ್ದಾರೆ. ಒಂದೊಂದರಲ್ಲಿ ಒಂಬತ್ತು ಲಕ್ಷಣ.

ಮೊದಲನೆಯದು ಗಮನದ ಕಡೆಯದು. ಗೊತ್ತಿರುವ ಲೆಕ್ಕದಲ್ಲೇ ಕೂಡುವ ಗುರುತನ್ನು ಕಳೆಯುವ ಗುರುತು ಅಂತ ಓದಿ ತಪ್ಪು ಮಾಡುವುದು. ಕೆಲಸದಲ್ಲಿ ಆಗಲಿ ಆಟದಲ್ಲಿ ಆಗಲಿ ಮನಸ್ಸು ಬಹಳ ಹೊತ್ತು ನಿಲ್ಲದಿರುವುದು. ಎದುರಿಗೇ ನಿಂತು ಮಾತಾಡಿದರೂ ಕೇಳಿಸಿಕೊಳ್ಳದವರ ಹಾಗೆ ಇರುವುದು. ಹೇಳಿದ್ದನ್ನು ಶುರುಮಾಡಿ ಅರ್ಧಕ್ಕೆ ಬಿಡುವುದು. ಅಂಗಡಿಗೆ ಹೋಗಿ ತೆಂಗಿನೆಣ್ಣೆ, ಉಪ್ಪು, ಬೆಂಕಿಪೆಟ್ಟಿಗೆ ತಾ ಅಂದರೆ ಉಪ್ಪು ಮಾತ್ರ ತಂದು, ಚಿಲ್ಲರೆ ಅಲ್ಲೇ ಬಿಟ್ಟು ಬರುವುದು. ಯಾವುದನ್ನು ಮೊದಲು ಮಾಡಬೇಕು, ಯಾವುದು ಆಮೇಲೆ ಅಂತ ಜೋಡಿಸಿಕೊಳ್ಳೋಕೆ ಆಗದಿರುವುದು. ತುಂಬಾ ಹೊತ್ತು ತಲೆ ಹಾಕಬೇಕಾದ ಕೆಲಸ ಅಂದರೆ ಹೊಟ್ಟೆನೋವು, ನೀರಡಿಕೆ, ಉಚ್ಚೆ ಅಂತ ತಪ್ಪಿಸಿಕೊಳ್ಳುವುದು. ರಬ್ಬರು, ಪೆನ್ಸಿಲ್ಲು, ನೀರಿನ ಬಾಟಲಿ, ಒಂದು ಕಾಲಿನ ಚಪ್ಪಲಿ ಕಳೆಯುವುದು. ಹೊರಗೆ ಕಾಗೆ ಕೂಗಿದರೆ, ತಗಡಿನ ಮೇಲೆ ಮಳೆ ಬಿದ್ದರೆ ಪಾಠದಿಂದ ಪೂರಾ ಹೊರಗೆ ಹೋಗುವುದು. ದಿನಾ ಮಾಡುವುದನ್ನೇ ಮರೆಯುವುದು, ಊಟದ ಡಬ್ಬಿ ತೊಳೆಯೋಕೆ ಹಾಕುವಂಥದ್ದು.

ಎರಡನೆಯದು ಚಟುವಟಿಕೆ ಮತ್ತು ಆತುರದ ಕಡೆಯದು. ಕೈಕಾಲು ಆಡಿಸುತ್ತಲೇ ಇರುವುದು. ಕೂತಿರಬೇಕಾದಲ್ಲಿ ಎದ್ದು ಹೋಗುವುದು. ಓಡಬಾರದ ಕಡೆ ಓಡುವುದು, ಹತ್ತಬಾರದ್ದನ್ನು ಹತ್ತುವುದು. ಸದ್ದಿಲ್ಲದೆ ಆಡೋಕೆ ಆಗದಿರುವುದು. ಮೈಯೊಳಗೆ ಮೋಟಾರು ಇಟ್ಟ ಹಾಗೆ ಇರುವುದು. ಬಾಯಿಗೆ ಬಿಡುವಿಲ್ಲದ ಮಾತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಸರದಿ ಕಾಯೋಕೆ ಆಗದೆ ಬಿಸಿಯೂಟದ ಸಾಲಿನಲ್ಲಿ ನುಗ್ಗುವುದು. ಬೇರೆಯವರ ಮಾತಿನ ನಡುವೆ, ಆಟದ ನಡುವೆ ತಲೆ ಹಾಕುವುದು.

ಓದುತ್ತಾ ಹೋದರೆ ನಿಮ್ಮ ಮಗುವಷ್ಟೇ ಅಲ್ಲ, ಓಣಿಯ ಎಲ್ಲಾ ಮಕ್ಕಳೂ ನೆನಪಾಗುತ್ತಾರೆ, ಅಲ್ವಾ? ಅದಕ್ಕೇ ವೈದ್ಯರು ಇನ್ನೂ ಕೆಲವು ಷರತ್ತು ಇಟ್ಟಿದ್ದಾರೆ. ಯಾವುದಾದರೂ ಒಂದು ಗುಂಪಿನ ಒಂಬತ್ತರಲ್ಲಿ ಕನಿಷ್ಠ ಆರು ಇರಬೇಕು (17 ವರ್ಷ ತುಂಬಿದವರಿಗೆ ಐದು ಸಾಕು). ಕನಿಷ್ಠ ಆರು ತಿಂಗಳಿಂದ ಇರಬೇಕು. ಹನ್ನೆರಡು ವರ್ಷದ ಒಳಗೇ ಹಲವು ಲಕ್ಷಣ ಕಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಅಥವಾ ಹೆಚ್ಚು ಕಡೆ ಕಾಣಬೇಕು. ಓದಿಗೋ ಗೆಳೆತನಕ್ಕೋ ಮನೆಯ ದಿನಚರಿಗೋ ಅದರಿಂದ ನಿಜವಾಗಿ ತೊಂದರೆ ಆಗುತ್ತಿರಬೇಕು. ಕೊನೆಯದಾಗಿ, ಬೇರೆ ಯಾವ ಕಾರಣವೂ ಅದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಬಾರದು. ಇಷ್ಟೂ ಸೇರಿದರೆ ಮಾತ್ರ ಆ ಹೆಸರು. ಕೆಲವು ಮಕ್ಕಳಲ್ಲಿ ಮೊದಲ ಗುಂಪು ಮಾತ್ರ ಇರುತ್ತದೆ, ಕೆಲವರಲ್ಲಿ ಎರಡನೆಯದು, ಬಹಳ ಮಕ್ಕಳಲ್ಲಿ ಎರಡೂ.

ಹಿಂದಿನ ಬೆಂಚಿನ ಹುಡುಗಿಯರು

ಇದನ್ನು ಹೆಜ್ಜೆಗಳ ನಡುವೆ ಬೇಕೆಂತಲೇ ಬೇರೆ ಬರೆಯುತ್ತಿದ್ದೇನೆ. ಹುಡುಗಿಯರಲ್ಲಿ ಮೊದಲ ಗುಂಪಿನ ಲಕ್ಷಣಗಳೇ ಮುಂದೆ ಕಾಣೋದು ಜಾಸ್ತಿ. ಅವರು ಓಡುವುದಿಲ್ಲ, ಹೊಡೆಯುವುದಿಲ್ಲ, ಹಾಗಾಗಿ ಯಾರಿಗೂ ತೊಂದರೆ ಇಲ್ಲ. ತೊಂದರೆ ಕೊಡದ ಮಗುವನ್ನು ಯಾರೂ ವೈದ್ಯರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಕಿಟಕಿ ಕಡೆ ನೋಡುತ್ತಾ ಕೂರುವುದು, ಪಕ್ಕದವಳ ಜೊತೆ ಪಿಸುಮಾತು ನಿಲ್ಲದಿರುವುದು, ಜಡೆಯ ತುದಿ ಬಾಯಲ್ಲಿ ಕಚ್ಚುತ್ತಾ ಇರುವುದು, ಸಣ್ಣ ಮಾತಿಗೂ ಕಣ್ಣು ತುಂಬಿ ಬರುವುದು. "ಕೂಸು ಪಾಪ, ಸ್ವಲ್ಪ ಮಂಕು" ಅಂತ ಮುಗಿಸಿಬಿಡುತ್ತೇವೆ.

ಕೊಡೆ ಕಳೆಯುತ್ತಿದ್ದ ನಮ್ಮ ಹುಡುಗಿ ಮನೆಯಲ್ಲಿ ರಾತ್ರಿ ಹತ್ತರವರೆಗೆ ಹೋಂವರ್ಕ್ ಮಾಡುತ್ತಿದ್ದಳಂತೆ. ಬೇರೆ ಮಕ್ಕಳು ಮುಕ್ಕಾಲು ತಾಸಿನಲ್ಲಿ ಮುಗಿಸುವಷ್ಟು ಕೆಲಸ. ಅವಳ ಅಮ್ಮ ಅದನ್ನು ನನಗೆ ಹೇಳಿದ್ದು ಎರಡು ವರ್ಷದ ಮೇಲೆ. ಯಾಕೆಂದರೆ ನಾನು ಕೇಳಿರಲಿಲ್ಲ. ನೀವು ಶಿಕ್ಷಕರಾಗಿದ್ದರೆ ಶಾಂತವಾಗಿ ಕೂತ ಮಗುವಿನ ಪಾಲಕರಿಗೆ ಈ ಒಂದು ಪ್ರಶ್ನೆ ಕೇಳಿ: "ಹೋಂವರ್ಕ್‌ಗೆ ಎಷ್ಟು ಹೊತ್ತು ಬೇಕಾಗುತ್ತೆ?"

ಹೆಜ್ಜೆ 3: ಒಂದು ನೋಟ್‌ಬುಕ್ ಇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಮೂರು ವಾರ ದಿನಕ್ಕೆ ನಾಲ್ಕೈದು ಸಾಲು ಬರೆಯಿರಿ. ಒಂದೇ ನಿಯಮ: ಕಣ್ಣಿಗೆ ಕಂಡಿದ್ದನ್ನು ಬರೆಯಬೇಕು, ನಿಮ್ಮ ಸಿಟ್ಟನ್ನು ಬರೆಯಬಾರದು. 'ಹಠ ಮಾಡಿದ', 'ಸೋಮಾರಿತನ', 'ಬೇಕಂತಲೇ ಮಾಡಿದಳು' ಇಂಥ ಮಾತು ಬೇಡ. ಏನು ನಡೀತಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು, ಎಷ್ಟು ನಿಮಿಷ. ಹೀಗೆ:

ಸೋಮವಾರ, ಸಂಜೆ 6:10. ಕೂಡುವ ಲೆಕ್ಕ ಎಂಟು ಕೊಟ್ಟೆ. ಮೊದಲ ಮೂರನ್ನು ನಾಲ್ಕು ನಿಮಿಷದಲ್ಲಿ ಮಾಡಿದ, ಮೂರೂ ಸರಿ. ರಸ್ತೆಯಲ್ಲಿ ಬಸ್ ಹಾರ್ನ್ ಆಯಿತು. ಎದ್ದು ಜಗುಲಿಗೆ ಹೋದ. ಎರಡು ಸಲ ಕರೆದೆ, ಬಂದ. ಎಲ್ಲಿ ಬಿಟ್ಟಿದ್ದ ಅಂತ ಗೊತ್ತಾಗಲಿಲ್ಲ. ಉಳಿದ ಐದಕ್ಕೆ 35 ನಿಮಿಷ. ನಾನು ಪಕ್ಕದಲ್ಲೇ ಕೂತಿದ್ದೆ.

ಬುಧವಾರ, ಬೆಳಿಗ್ಗೆ. ಹಲ್ಲುಜ್ಜಿ, ಅಂಗಿ ಹಾಕಿಕೊಂಡು, ಪಾಟಿಚೀಲ ತಗೊಂಡು ಬಾ ಅಂದೆ. ಹಲ್ಲುಜ್ಜಿದ. ಬಚ್ಚಲಲ್ಲಿ ಇರುವೆ ಸಾಲು ನೋಡುತ್ತಾ ಕೂತಿದ್ದ. ಅಂಗಿ ಹಾಕಿರಲಿಲ್ಲ. ಒಂದೊಂದೇ ಹೇಳಿದಾಗ ಎರಡೂ ಮಾಡಿದ.

ಭಾನುವಾರ. ದೊಡ್ಡಪ್ಪನ ಜೊತೆ ಧಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಹೋಗಿ ಗಾಳ ಹಾಕಿದ. ಒಂದೂವರೆ ತಾಸು ಅಲುಗಾಡಲಿಲ್ಲ.

ಇದು ಒಬ್ಬ ತಾಯಿ ಬರೆದ ರೀತಿ. ಆ ಮೂರನೇ ಬರಹ ನೋಡಿ ಅವರ ಮನೆಯವರೆಲ್ಲ, "ನೋಡಿ, ಬೇಕಾದ್ದಕ್ಕೆ ಗಮನ ಇದೆ, ಓದೋಕೆ ಮಾತ್ರ ಇಲ್ಲ, ಬರೀ ನಾಟಕ" ಅಂದರಂತೆ. ನಾವೆಲ್ಲ ಜಾರುವುದು ಇಲ್ಲೇ. ಎಡಿಎಚ್‌ಡಿ ಇರುವ ಮಗುವಿಗೆ ಗಮನವೇ ಇಲ್ಲ ಅಂತಲ್ಲ. ಗಮನವನ್ನು ಬೇಕಾದ ಕಡೆ, ಬೇಕಾದಷ್ಟು ಹೊತ್ತು ಇಡುವ ಹತೋಟಿ ಕಡಿಮೆ. ಮನಸ್ಸಿಗೆ ಹಿಡಿಸಿದ್ದು, ಆಗಿಂದಾಗ್ಗೆ ಫಲ ಕೊಡುವುದು ಸಿಕ್ಕರೆ ಅದರಲ್ಲೇ ಮುಳುಗಿಬಿಡುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿ, ಬೆಳಗ್ಗೆ ಪಾತ್ರಧಾರಿಯ ಮಾತನ್ನು ಹಾಗೆ ಹಾಗೇ ಹೇಳುವ ಮಗುವಿಗೂ ಎಡಿಎಚ್‌ಡಿ ಇರಬಹುದು. ಹಾಗಾಗಿ ಮಗು ಚೆನ್ನಾಗಿ ಮಾಡಿದ್ದನ್ನೂ ತಪ್ಪದೇ ಬರೆಯಿರಿ. ಒಂದೊಂದೇ ಹೇಳಿದರೆ ಮಾಡುತ್ತಾನೆ ಅನ್ನುವ ಬುಧವಾರದ ಸಾಲು ಮುಂದೆ ಶಾಲೆಯಲ್ಲಿ ನಮಗೆ ಬಹಳ ಉಪಯೋಗಕ್ಕೆ ಬಂತು.

ಹೆಜ್ಜೆ 4: ಬೇರೆ ಕಡೆ, ಬೇರೆಯವರ ಕಣ್ಣಲ್ಲಿ ನೋಡಿ

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಪರ್ಸೀನ್ ಬೋಟಿಗೆ ಹೋಗುವ ಎಷ್ಟೋ ಅಪ್ಪಂದಿರು ಮಗುವಿನ ಜೊತೆ ಪೂರ್ತಿ ದಿನ ಕಳೆಯುವುದು ಆ ಎರಡು ತಿಂಗಳು ಮಾತ್ರ. ಉಳಿದಂತೆ ಅಮ್ಮ ಒಂದು ಹೇಳುತ್ತಾಳೆ, ಅಪ್ಪ "ನನ್ನ ಹತ್ತಿರ ಸರಿಯಾಗೇ ಇರ್ತಾನಲ್ಲ" ಅನ್ನುತ್ತಾನೆ. ಜಗಳ ಬೇಡ. ಇಬ್ಬರೂ ಬೇರೆಬೇರೆ ಬರೆಯಿರಿ. ಬಂದ್ ಇದ್ದಾಗ ಸಂಜೆಯ ಹೋಂವರ್ಕ್ ಅಪ್ಪನೇ ಮಾಡಿಸಲಿ, ಒಂದು ವಾರ ಸಾಕು.

ಸಿರ್ಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಇನ್ನೊಂದು ಥರ. ಅಡಿಕೆ ಸುಲಿಯುವ ದಿನಗಳಲ್ಲಿ ಎಲ್ಲರೂ ಕೂತಿರುವಾಗ ಈ ಮಾಣಿ (ಹುಡುಗ) ಬುಟ್ಟಿ ಹೊತ್ತು, ಅಂಗಳಕ್ಕೆ ಓಡಿ, ಎಲ್ಲರಿಗೂ ನೀರು ಕೊಟ್ಟು 'ಚುರುಕಿನ ಮಾಣಿ' ಅಂತ ಹೊಗಳಿಸಿಕೊಳ್ಳುತ್ತಾನೆ. ಶಾಲೆಯಲ್ಲಿ ಅದೇ ಚುರುಕು ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಹಾಗಾಗಿ ಕೇಳಬೇಕಾದ್ದು 'ಹೇಗಿದ್ದಾನೆ' ಅಂತ ಅಲ್ಲ. 'ಕೂತು ಮಾಡುವ ಕೆಲಸ ಕೊಟ್ಟಾಗ ಹೇಗಿದ್ದಾನೆ' ಅಂತ ಅಜ್ಜಿಯನ್ನೂ, ಟ್ಯೂಷನ್ ಅಕ್ಕನನ್ನೂ, ಶಾಲೆಯ ಮಾಸ್ತರರನ್ನೂ ಕೇಳಿ.

ಜಾತ್ರೆ, ಮದುವೆ, ಬಂಡಿಹಬ್ಬದ ದಿನ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಾರಿಕಾಂಬಾ ಜಾತ್ರೆಯಲ್ಲಿ ಯಾವ ಮಗು ತಾನೇ ಒಂದು ಕಡೆ ನಿಲ್ಲುತ್ತದೆ?

ಒಂದೇ ಕಡೆ ಲಕ್ಷಣ ಕಂಡರೆ ಆ ಜಾಗವನ್ನೇ ನೋಡಿ. ಶಾಲೆಯಲ್ಲಿ ಮಾತ್ರ ತೊಂದರೆ ಅಂದರೆ ಅಲ್ಲಿ ಯಾರಾದರೂ ಹೆದರಿಸುತ್ತಿರಬಹುದು. ಅಥವಾ ಮಗುವಿಗೆ ಭಾಷೆಯೇ ಅರ್ಥವಾಗದಿರಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ, ಭಟ್ಕಳದ ಕಡೆ ನವಾಯತಿ, ಘಟ್ಟದ ಮೇಲೆ ಹವ್ಯಕ ಕನ್ನಡ. ಶಾಲೆಗೆ ಬಂದರೆ ಪುಸ್ತಕದ ಕನ್ನಡ, ಇಲ್ಲದಿದ್ದರೆ ನೇರ ಇಂಗ್ಲಿಷ್. ಅರ್ಥವಾಗದ ಮಾತನ್ನು ಯಾವ ಮಗುವೂ ನಲವತ್ತು ನಿಮಿಷ ಕೇಳುವುದಿಲ್ಲ. ಮನೆಮಾತಿನಲ್ಲಿ ಒಂದು ಕತೆ ಹೇಳಿ ನೋಡಿ. ಅದರಲ್ಲಿ ಕೊನೆಯವರೆಗೂ ಇದ್ದು, ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟರೆ ಮೊದಲು ಭಾಷೆಯ ಕಡೆ ಗಮನ ಕೊಡಬೇಕು.

ಹೆಜ್ಜೆ 5: ಹಾಗೆ ಕಾಣುವ ಬೇರೆ ತೊಂದರೆಗಳು

ಕಿವಿಯಿಂದ ಶುರುಮಾಡಿ. ಮಳೆಗಾಲದಲ್ಲಿ ನೆಗಡಿ, ಕಿವಿ ಸೋರುವುದು ನಮ್ಮ ಮಕ್ಕಳಿಗೆ ಸಾಮಾನ್ಯ. ಸ್ವಲ್ಪ ಕಿವಿ ಕೇಳದ ಮಗು 'ಹೇಳಿದ್ದು ಕೇಳಲ್ಲ' ಅನ್ನಿಸಿಕೊಳ್ಳುತ್ತದೆ. ಮಗುವಿನ ಹಿಂದೆ ನಿಂತು, ಮೆಲ್ಲಗೆ ಅದಕ್ಕೆ ಇಷ್ಟವಾದ ತಿಂಡಿಯ ಹೆಸರು ಹೇಳಿ ನೋಡಿ. ಇದು ಮನೆಯ ಅಂದಾಜು ಅಷ್ಟೇ, ಅನುಮಾನ ಇದ್ದರೆ ಕಿವಿ ಪರೀಕ್ಷೆ ಮಾಡಿಸಲೇಬೇಕು. ಕಣ್ಣೂ ಹಾಗೇ. ಬೋರ್ಡ್ ಕಾಣದ ಮಗು ಪಕ್ಕದವನ ಪುಸ್ತಕಕ್ಕೆ ಬಗ್ಗುತ್ತದೆ, ಬೈಸಿಕೊಳ್ಳುತ್ತದೆ.

ರಾತ್ರಿ ಬಾಯಿ ತೆರೆದು ಮಲಗುವುದು, ಗೊರಕೆ, ನಡುನಡುವೆ ಉಸಿರು ಕಟ್ಟಿದ ಹಾಗೆ ಆಗುವುದು ಇದ್ದರೆ ಮೂಗಿನ ಹಿಂದಿನ ಅಡಿನಾಯ್ಡ್ ಗಂಟು ದೊಡ್ಡದಾಗಿರಬಹುದು. ನಿದ್ದೆ ಸಾಲದ ದೊಡ್ಡವರು ತೂಕಡಿಸುತ್ತಾರೆ, ನಿದ್ದೆ ಸಾಲದ ಮಕ್ಕಳು ಕುಣಿಯುತ್ತಾರೆ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯಲ್ಲೂ ಗಮನ ಕುಂದುತ್ತದೆ.

ಇನ್ನೊಂದನ್ನು ತುಸು ಹತ್ತಿರದಿಂದ ನೋಡಿ. ಮಗು ಮಾತಿನ ನಡುವೆ, ಊಟದ ನಡುವೆ ಇದ್ದಕ್ಕಿದ್ದಂತೆ ಹತ್ತು ಸೆಕೆಂಡಿನಷ್ಟು ಕಾಲ ದಿಟ್ಟಿಸಿ ನಿಂತುಬಿಡುತ್ತದೆ. ಕರೆದರೂ ಇಲ್ಲ, ಭುಜ ಮುಟ್ಟಿದರೂ ಇಲ್ಲ. ಆಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತದೆ. ದಿನಕ್ಕೆ ಹಲವು ಸಲ ಹೀಗಾದರೆ ಇದು ಒಂದು ಬಗೆಯ ಫಿಟ್ಸ್ ಇರಬಹುದು. ಕನಸು ಕಾಣುವ ಮಗು ಭುಜ ಮುಟ್ಟಿದರೆ ಎಚ್ಚೆತ್ತುಕೊಳ್ಳುತ್ತದೆ. ಇದು ಹಾಗಲ್ಲ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಓದು ಬರಹದಲ್ಲಿ ಮಾತ್ರ ಹಿಂದೆ, ಬಾಯಿಲೆಕ್ಕದಲ್ಲಿ, ಕತೆ ಹೇಳೋದರಲ್ಲಿ ಮುಂದೆ ಇದ್ದರೆ ಕಲಿಕಾ ನ್ಯೂನತೆ ಇರಬಹುದು. ಎಡಿಎಚ್‌ಡಿ ಜೊತೆ ಅದೂ ಸೇರಿಕೊಂಡಿರುವುದು ಅಪರೂಪವೇನಲ್ಲ. ಮನೆಯಲ್ಲಿ ಸಾವು, ಅಪ್ಪ ಅಮ್ಮನ ಜಗಳ, ಊರು ಬದಲಾದದ್ದು, ಇಂಥದ್ದರ ನಂತರ ಶುರುವಾಗಿದ್ದರೆ ಅದನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆಯಿರಿ.

ಹೆಜ್ಜೆ 6: ಮಾತು ಹೇಗೆ ತೆಗೆಯಬೇಕು

ಇದು ನನ್ನಂಥ ಶಿಕ್ಷಕರಿಗೆ. "ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ" ಅಂತ ಯಾವ ಕಾರಣಕ್ಕೂ ಹೇಳಬೇಡಿ. ಹಾಗೆ ಹೇಳುವ ಅಧಿಕಾರವೂ ನಮಗಿಲ್ಲ, ಆ ಮಾತು ಪಾಲಕರ ಎದೆಗೆ ಬೇರೆಯೇ ಆಗಿ ಬೀಳುತ್ತದೆ. ನಾನು ಮೊದಲ ಸಲ ಒಬ್ಬ ತಾಯಿಗೆ ವೈದ್ಯರ ಹತ್ತಿರ ಹೋಗಿ ಅಂದಾಗ ಅವರು ಎದ್ದು ನಿಂತು, "ಅಕ್ಕೋರೆ, ನನ್ನ ಮಗನಿಗೆ ಹುಚ್ಚು ಅಂತೀರಾ?" ಅಂದರು. ಸೆರಗಿನ ತುದಿ ಹಿಡಿದ ಅವರ ಕೈ ನಡುಗುತ್ತಿತ್ತು.

ಈಗ ನಾನು ಮಗುವಿನ ಒಳ್ಳೆಯದರಿಂದ ಶುರುಮಾಡುತ್ತೇನೆ. ಅದೂ ಸುಮ್ನೆ ಬಾಯಿಮಾತಿಗಲ್ಲ, ನಾನು ಕಂಡದ್ದನ್ನು. "ನಿನ್ನೆ ಒಂದನೇ ತರಗತಿ ಮಗು ಬಿದ್ದಾಗ ಮೊದಲು ಓಡಿ ಹೋದದ್ದು ಇವನೇ." ಆಮೇಲೆ ಕಾಪಿ ಪುಸ್ತಕ ತೆರೆದು ತೋರಿಸುತ್ತೇನೆ. "ಮೊದಲ ಎರಡು ಸಾಲು ನೋಡಿ, ಎಷ್ಟು ಚಂದ. ಇಲ್ಲಿಂದ ತಪ್ಪುತ್ತೆ. ದಿನಾ ಹೀಗೇ ಆಗ್ತಿದೆ. ಮನೆಯಲ್ಲಿ ಹೇಗೆ?" ಅಂತ ಕೇಳಿ ಸುಮ್ಮನಾಗುತ್ತೇನೆ. ಬಹಳ ಸಲ ಅಲ್ಲಿಂದ ಅವರೇ ಮಾತಾಡುತ್ತಾರೆ.

ಪಾಲಕರು ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೇಳಬೇಡಿ, ಮಗುವಿನ ಎದುರಿಗಂತೂ ಬೇಡ. ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ ಬೇಕು ಅಂತ ಮೊದಲೇ ಹೇಳಿ, ನೋಟ್‌ಬುಕ್ ತಗೊಂಡು ಹೋಗಿ.

ಹೆಜ್ಜೆ 7: ಯಾರ ಹತ್ತಿರ ಹೋಗಬೇಕು

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನೀವು ಯಾವಾಗಲೂ ತೋರಿಸುವ ಮಕ್ಕಳ ವೈದ್ಯರಿಂದ ಶುರುಮಾಡಿ. ಕಿವಿ, ಕಣ್ಣು, ರಕ್ತದ ಪರೀಕ್ಷೆ ಅಲ್ಲೇ ಆಗುತ್ತದೆ, ಇಲ್ಲವೇ ಎಲ್ಲಿ ಮಾಡಿಸಬೇಕು ಅಂತ ಅವರೇ ಹೇಳುತ್ತಾರೆ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳನ್ನು 30 ಬಗೆಯ ತೊಂದರೆಗಳಿಗಾಗಿ ತಪಾಸಣೆ ಮಾಡುತ್ತಾರೆ. ಆ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ತೂಕ, ಹಲ್ಲು, ಚರ್ಮ ನೋಡಿ ಹೊರಡುವ ಮೊದಲು ಅವರನ್ನು ನಿಲ್ಲಿಸಿ ನಿಮ್ಮ ಅನುಮಾನ ಹೇಳಿ. ಅವರು ಮುಂದಕ್ಕೆ ಕಳಿಸುವ ಚೀಟಿ ಕೊಡುತ್ತಾರೆ.

ಮಕ್ಕಳ ಮನೋವೈದ್ಯರ ಹತ್ತಿರ ಹೋಗಬೇಕಾದಾಗ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ನಮ್ಮ ಜಿಲ್ಲೆಯ ಬಹಳ ಜನ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ, ಬಸ್ ಖರ್ಚು ಉಳಿಯುತ್ತದೆ. ಎಲ್ಲಿಂದ ಶುರುಮಾಡೋದು ಅಂತಲೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ನೋಟ್‌ಬುಕ್, ಒಂದನೇ ತರಗತಿಯಿಂದ ಇರುವ ಪ್ರಗತಿ ಪತ್ರಗಳು, ಎರಡು ಕಾಪಿ ಪುಸ್ತಕ, ತಾಯಿ ಕಾರ್ಡ್, ಈಗ ತಗೊಳ್ಳುತ್ತಿರುವ ಔಷಧಿಯ ಚೀಟಿ, ಶಿಕ್ಷಕರು ಬರೆದುಕೊಟ್ಟ ಒಂದು ಪುಟ ಜೊತೆಗಿರಲಿ. ಅಲ್ಲಿ ಬಹಳ ಪ್ರಶ್ನೆ ಕೇಳುತ್ತಾರೆ. ಮಗು ಹೊಟ್ಟೆಯಲ್ಲಿದ್ದಾಗ ಹೇಗಿತ್ತು, ಯಾವಾಗ ನಡೆಯಿತು, ಯಾವಾಗ ಮಾತು ಬಂತು. ಮನೆಗೂ ಶಾಲೆಗೂ ಒಂದೊಂದು ಪ್ರಶ್ನೆಪಟ್ಟಿ ಕೊಟ್ಟು ತುಂಬಿಸಿ ತರಲು ಹೇಳಬಹುದು. ಒಂದೇ ಭೇಟಿಯಲ್ಲಿ ಮುಗಿಯದಿದ್ದರೆ ಬೇಜಾರಾಗಬೇಡಿ, ನಿಧಾನವಾಗಿ ನೋಡುವವರೇ ಸರಿಯಾಗಿ ನೋಡುತ್ತಾರೆ. ಎಡಿಎಚ್‌ಡಿ ಇದೆ ಅಂತ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಬೇರೆ ಕಾರಣ ಇದೆಯಾ ಅಂತ ನೋಡಲು ಪರೀಕ್ಷೆ ಮಾಡಿಸಬಹುದು, ಅದು ಬೇರೆ. ಮೆದುಳಿನ ಸ್ಕ್ಯಾನ್ ಮಾಡಿ ಒಂದೇ ದಿನದಲ್ಲಿ ಹೇಳಿಬಿಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಔಷಧಿಯ ಬಗ್ಗೆ ಇಷ್ಟು ಮಾತ್ರ. ಆರು ವರ್ಷದ ಒಳಗಿನ ಮಕ್ಕಳಿಗೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಮಗುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ. ಆರು ದಾಟಿದ ಮೇಲೆ ಬೇಕಾದರೆ ಅದರ ಜೊತೆ ಮಾತ್ರೆಯನ್ನೂ ಕೊಡುತ್ತಾರೆ. ಮಿಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಇವು ಸಾಮಾನ್ಯವಾಗಿ ಕೊಡುವಂಥವು. ಇವು ಮಗುವನ್ನು ಮಲಗಿಸುವ ಮಾತ್ರೆಗಳಲ್ಲ. ಹಸಿವು ಕಡಿಮೆಯಾಗಬಹುದು, ನಿದ್ದೆ ವ್ಯತ್ಯಾಸ ಆಗಬಹುದು, ಅದಕ್ಕೇ ತೂಕ, ಎತ್ತರ, ರಕ್ತದೊತ್ತಡ ನೋಡುತ್ತಾ ಇರುತ್ತಾರೆ. ವೈದ್ಯರನ್ನು ಕೇಳದೆ ಶುರುಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಕಾಯುವ ದಿನಗಳಲ್ಲಿ

ವೈದ್ಯರ ಭೇಟಿಗೆ ವಾರಗಟ್ಟಲೆ ಹಿಡಿಯಬಹುದು. ಈ ಕೆಲಸಗಳಿಗೆ ಯಾರ ಚೀಟಿಯೂ ಬೇಡ. ಹೆಸರು ಕರೆದು, ಹತ್ತಿರ ಹೋಗಿ, ಕಣ್ಣು ನೋಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹತ್ತು ಲೆಕ್ಕವನ್ನು ಮೂರು, ಮೂರು, ನಾಲ್ಕು ಅಂತ ಒಡೆದು ನಡುವೆ ಎರಡು ನಿಮಿಷ ಓಡಾಡೋಕೆ ಬಿಡಿ. ಶಾಲೆಯಲ್ಲಿ ಮುಂದಿನ ಬೆಂಚು, ಕಿಟಕಿಯಿಂದ ದೂರ. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಕೊಟ್ಟು ಬರುವುದು, ಇಂಥ ಎದ್ದು ಹೋಗುವ ಕೆಲಸ ಅವನಿಗೇ ಇರಲಿ. ಸರಿ ಮಾಡಿದ ಕೂಡಲೇ ಸರಿ ಅನ್ನಿ, ಸಂಜೆಗೆ ಉಳಿಸಬೇಡಿ. ಹೊಡೆಯಬೇಡಿ. ಶಾಲೆಯಲ್ಲಿ ಹೊಡೆಯುವುದು, ಅವಮಾನ ಮಾಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿಷೇಧ. ಪೆಟ್ಟಿನಿಂದ ಹತೋಟಿ ಬರುವುದಿದ್ದರೆ ಈ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಬರಬೇಕಿತ್ತು, ಅಷ್ಟು ತಿಂದಿರುತ್ತಾರೆ.

ನೀರಿನ ಬಗ್ಗೆ ಮಾತ್ರ ಇಂದೇ ಎಚ್ಚರ ತಗೊಳ್ಳಿ. ಆತುರದ ಮಕ್ಕಳಿಗೆ ಅಪಘಾತ ಆಗುವುದು ಜಾಸ್ತಿ, ನಮ್ಮ ಸುತ್ತ ಹೊಳೆ, ಸಮುದ್ರ, ತೆರೆದ ಬಾವಿ, ತೋಟದ ಕೆರೆ. ಬಾವಿಗೆ ಕಟ್ಟೆ, ಮೇಲೆ ಬಲೆ ಇರಲಿ. ಮಳೆಗಾಲದಲ್ಲಿ ಹೊಳೆ ದಾಟುವ ದಾರಿಯಲ್ಲಿ ಒಂಟಿಯಾಗಿ ಕಳಿಸಬೇಡಿ. 'ನಾನು ಸತ್ತರೆ ಒಳ್ಳೇದು' ಅನ್ನುವಂಥ ಮಾತು ಮಗುವಿನ ಬಾಯಲ್ಲಿ ಬಂದರೆ ಭೇಟಿಯ ದಿನಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ನಮ್ಮ ಹುಡುಗಿ ಏಳನೇ ತರಗತಿಯಲ್ಲಿ ನನ್ನ ಮೇಜಿನ ಪಕ್ಕದ ಗೋಡೆಗೆ ತಾನೇ ಒಂದು ಮೊಳೆ ಹೊಡೆಸಿಕೊಂಡಳು. ಬಂದ ಕೂಡಲೇ ಕೊಡೆ ಅಲ್ಲಿ. ಸಂಜೆ ಗಂಟೆ ಆದಾಗ ಪಕ್ಕದ ಬೆಂಚಿನ ಗೆಳತಿ "ಕೊಡೆ" ಅನ್ನಬೇಕು ಅಂತ ಇಬ್ಬರ ನಡುವೆ ಒಪ್ಪಂದ. ಆ ಮಳೆಗಾಲದಲ್ಲಿ ಒಂದು ಕೊಡೆ ಕಳೆಯಿತು. ಅದೂ ಗಾಳಿಗೆ.